ಕ್ರಿಸ್‌ಮಸ್ ರಜೆಗೆ ಮನೆಮಂದಿಯೆಲ್ಲ ಕೂತು ನೋಡೋಕೆ ಯಾವ ಸಿನಿಮಾ? ಇಂಗ್ಲಿಷ್ ಬಾರದ ಅತ್ತೆಯ ಜೊತೆ ನೋಡಿ ಆರಿಸಿದ್ದು

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಮೈಸೂರಿನ ಮನೆ ತುಂಬುತ್ತದೆ. ಮಂಡ್ಯದಿಂದ ಮೈದುನ, ಓರಗಿತ್ತಿ, ಅವರ ಮಕ್ಕಳು ಬರುತ್ತಾರೆ. ಪಾಂಡವಪುರದ ಹತ್ತಿರದ ಹಳ್ಳಿಯಿಂದ ಅತ್ತೆ ಒಂದು ಚೀಲ ಅವರೆಕಾಯಿ ಹಿಡಿದು ಬರುತ್ತಾರೆ. ಸಂಜೆ ಅರಮನೆಯ ಫಲಪುಷ್ಪ ಪ್ರದರ್ಶನ, ಅಲ್ಲಿಂದ ಸೇಂಟ್ ಫಿಲೋಮಿನಾ ಚರ್ಚು. ದೀಪ ಹಾಕಿದ ಆ ಜೋಡಿ ಗೋಪುರ ನೋಡಿ, ಗೋದಲಿ ನೋಡಿ, ಮನೆ ಸೇರುವಷ್ಟರಲ್ಲಿ ಮಾಗಿ ಚಳಿ ಕಿವಿಗೆ ಹತ್ತಿರುತ್ತದೆ. ಮಕ್ಕಳಿಗೆ ಕಾಲು ನೋವು, ಆದರೆ ನಿದ್ದೆ ಇಲ್ಲ. ಪಕ್ಕದ ಮನೆ ಆಂಟಿ ಕೊಟ್ಟ ಪ್ಲಮ್ ಕೇಕು, ರೋಸ್ ಕುಕ್ಕೀಸು ತಟ್ಟೆಯಲ್ಲಿ ಕಾಯುತ್ತಿರುತ್ತವೆ. ಆಗ ಏಳುತ್ತದೆ ಪ್ರಶ್ನೆ. ಈ ವರ್ಷ ಯಾವ ಸಿನಿಮಾ ಹಾಕೋಣ?

ಕ್ರಿಸ್‌ಮಸ್ ಸಿನಿಮಾ ಅಂದರೆ ನಮಗೆ ಇಷ್ಟವಾಗುವುದು ಒಂದು ಜಾತಿಯದು. ಒಂದು ಮನೆ, ಆ ಮನೆಯಲ್ಲಿ ಒಂದು ಸಣ್ಣ ನೋವು, ಎಲ್ಲಿಂದಲೋ ಬರುವ ಒಬ್ಬ ಮುದುಕ ಅಥವಾ ದೇವದೂತ, ಒಂದು ಮೆಲ್ಲನೆಯ ಪವಾಡ, ಕೊನೆಗೆ ಎಲ್ಲರೂ ಒಟ್ಟಿಗೆ. ಇಂಥವು ನೂರಾರು ಇವೆ. ಮೊದಲ ಎರಡು ಮೂರು ವರ್ಷ ನಾನು ಹೆಸರು ಕೇಳಿ ಆರಿಸುತ್ತಿದ್ದೆ. ಯಾರೋ ಮಾಡಿದ ಪಟ್ಟಿಯಲ್ಲಿ ಮೊದಲು ಯಾವುದಿದೆಯೋ ಅದು. ಅತ್ತೆ ಹತ್ತು ನಿಮಿಷ ಕೂತು, "ನೀವು ನೋಡ್ಕಳ್ರವ್ವ" ಅಂತ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅವರು ಎದ್ದು ಹೋದ ಮೇಲೆ ಅದು ಮನೆಮಂದಿಯ ಸಿನಿಮಾ ಹೇಗಾಗುತ್ತದೆ?

ಆಮೇಲೆ ಆರಿಸುವ ಕ್ರಮವನ್ನೇ ಬದಲಾಯಿಸಿದೆ. ಮನೆಯಲ್ಲಿ ಇಂಗ್ಲಿಷ್ ಎಲ್ಲರಿಗಿಂತ ಕಡಿಮೆ ಬರುವುದು ಯಾರಿಗೆ? ಅವರನ್ನು ಮುಂದಿಟ್ಟುಕೊಂಡು ಸಿನಿಮಾ ಹುಡುಕಿದೆ. ಅವರಿಗೆ ಹಿಡಿಸಿದ್ದು ಆರು ವರ್ಷದ ಮಗಳಿಗೂ ಹಿಡಿಸಿತು, ಹದಿಮೂರರ ಮಗನಿಗೂ ಹಿಡಿಸಿತು. ತಿರುಗಿಸಿ ನೋಡಿದರೆ ಹಾಗಾಗುವುದಿಲ್ಲ. ಮಗನಿಗೆ ಹಿಡಿಸಿದ ಎಷ್ಟೋ ಸಿನಿಮಾ ಅತ್ತೆಗೆ ಸುಮ್ನೆ ಗದ್ದಲ.

ನಾವು ನೋಡಿದವುಗಳಲ್ಲಿ ಯಾವುದು ಯಾವ ಮನೆಗೆ ಹೊಂದುತ್ತದೆ ಅಂತ ಇಲ್ಲಿ ಹೇಳುತ್ತೇನೆ. ಕತೆಯ ಕೊನೆಯನ್ನೂ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಮಾತೇ ಇಲ್ಲದ್ದು

ನನ್ನ ಮೊದಲ ಆಯ್ಕೆ 'ದಿ ಸ್ನೋಮ್ಯಾನ್'. 1982ರಲ್ಲಿ ಬ್ರಿಟನ್ನಿನ ಚಾನೆಲ್ 4ಗಾಗಿ, ಟೀವಿಗೆಂದೇ ಮಾಡಿದ ಚಿತ್ರ. ಬರೀ 26 ನಿಮಿಷ. ಕತೆ ಶುರುವಾದ ಮೇಲೆ ಒಂದು ಮಾತೂ ಇಲ್ಲ. ಸಂಗೀತ, ನಡುವೆ ಒಂದು ಹಾಡು, ಅಷ್ಟೇ. ಚಿತ್ರಗಳು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದ ಹಾಗಿವೆ. ಒಬ್ಬ ಹುಡುಗ ಅಂಗಳದಲ್ಲಿ ಮಂಜಿನ ಮನುಷ್ಯನನ್ನು ಮಾಡುತ್ತಾನೆ. ನಡುರಾತ್ರಿ ಅವನಿಗೆ ಜೀವ ಬರುತ್ತದೆ.

ಮೊದಲ ಸಲ ಹಾಕಿದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಅತ್ತೆ ಮಣೆ ಹಾಕಿಕೊಂಡು ಕೂತಿದ್ದರು. ಮುಂದೆ ನೆನೆಸಿದ ಅವರೆಕಾಳಿನ ಬೋಗುಣಿ. ಮರುದಿನಕ್ಕೆ ಹಿತುಕಿದ ಬೇಳೆ ಸಾರು ಆಗಬೇಕಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ, ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಅವರ ಕೈ ಅದನ್ನು ನೋಡದೆಯೇ ಮಾಡುತ್ತದೆ. ಹುಡುಗನೂ ಮಂಜಿನ ಮನುಷ್ಯನೂ ಕೈ ಹಿಡಿದುಕೊಂಡು ಓಡಿ, ನೆಲ ಬಿಟ್ಟು ಮೇಲೆದ್ದರಲ್ಲ, ಆಗ ಆ ಕೈ ನಿಂತಿತು. ಒಂದು ಕಾಳು ಬೆರಳ ನಡುವೆಯೇ ಉಳಿಯಿತು. ಹಾಡು ಮುಗಿಯುವ ತನಕ ಅದು ಬೋಗುಣಿಗೆ ಬೀಳಲೇ ಇಲ್ಲ.

ಕೊನೆ ಮಾತ್ರ ಗಟ್ಟಿ ಮನಸ್ಸು ಬೇಡುತ್ತದೆ. ಬೆಳಗಾಗುತ್ತದೆ, ಮಂಜಿನ ಮನುಷ್ಯ ಕರಗಿ ಹೋಗಿರುತ್ತಾನೆ. ಹುಡುಗ ಜೇಬಿಗೆ ಕೈ ಹಾಕಿದರೆ ಹಿಂದಿನ ರಾತ್ರಿ ಕ್ರಿಸ್‌ಮಸ್ ತಾತ ಕೊಟ್ಟ ಮಫ್ಲರ್ ಸಿಗುತ್ತದೆ. ಮಗಳು ಜೋರಾಗಿ ಅತ್ತಳು. ಅತ್ತೆ ಅವಳನ್ನು ಹತ್ತಿರ ಎಳೆದುಕೊಂಡು, "ಅಳಬ್ಯಾಡ ಕನವ್ವ, ಮಂಜು ಬಿಸ್ಲಿಗೆ ಕರಗ್ತದೆ. ಮಫ್ಲರ್ ಉಳ್ಕಂಡೈತಲ್ಲ ಅವ್ನ ತಾವ" ಅಂದರು. ನಾನು ನೂರು ಸಿನಿಮಾ ನೋಡಿದವಳು. ಆ ಮಫ್ಲರ್ ಅಲ್ಲಿ ಯಾಕಿದೆ ಅಂತ ನನಗೆ ತಿಳಿದದ್ದು ಅವರ ಬಾಯಲ್ಲಿ ಕೇಳಿದ ಮೇಲೆ.

ಅವತ್ತಿನಿಂದ ಇಂಥ ಸಿನಿಮಾ ನೋಡುವಾಗ ನಾನು ಒಂದನ್ನು ಹುಡುಕುತ್ತೇನೆ. ಪವಾಡ ಮುಗಿದ ಮೇಲೆ ಕೈಯಲ್ಲಿ ಏನು ಉಳಿಯಿತು? ಆಕಾಶವೆಲ್ಲ ಮಿಂಚಿ, ರಾಶಿ ಉಡುಗೊರೆ ಸುರಿದು ಹೋಗುವ ಪವಾಡ ಮರುದಿನಕ್ಕೆ ನೆನಪಿರುವುದಿಲ್ಲ. ಮೆಲ್ಲನೆಯ ಪವಾಡ ಒಂದೇ ಒಂದು ಸಣ್ಣ ವಸ್ತು ಬಿಟ್ಟು ಹೋಗುತ್ತದೆ.

ಮನೆಯಲ್ಲಿ ತೀರಾ ಸಣ್ಣ ಮಕ್ಕಳು, ಇಂಗ್ಲಿಷ್ ಬಾರದ ಹಿರಿಯರು ಇಬ್ಬರೂ ಇದ್ದರೆ ಬೇರೆ ಯೋಚನೆ ಬೇಡ, ಇದನ್ನೇ ಹಾಕಿ. ಆದರೆ ಆ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಕೊನೆಯ ಎರಡು ನಿಮಿಷ ಮಕ್ಕಳ ಪಕ್ಕದಲ್ಲೇ ಕೂತಿರಿ.

ಸಾಂಟಾ ಕೋರ್ಟಿಗೆ ಹೋದದ್ದು: ಹಳೆಯದೋ, ಹೊಸದೋ?

'ಮಿರಾಕಲ್ ಆನ್ 34ತ್ ಸ್ಟ್ರೀಟ್' ಎರಡು ಇವೆ. 1947ರ ಕಪ್ಪು ಬಿಳುಪಿನದು, 1994ರ ಬಣ್ಣದ್ದು. ಕತೆ ಒಂದೇ. ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರಲ್ಲಿ ಸಾಂಟಾ ವೇಷ ಹಾಕುವ ಮುದುಕ, ನಾನೇ ನಿಜವಾದ ಸಾಂಟಾ ಅನ್ನುತ್ತಾನೆ. ಅವನಿಗೆ ತಲೆ ಸರಿಯಿಲ್ಲ ಅಂತ ಕೇಸು ಬೀಳುತ್ತದೆ. ಇದನ್ನೆಲ್ಲ ನಂಬಬೇಡ ಅಂತ ಅಮ್ಮ ಹೇಳಿಕೊಟ್ಟು ಬೆಳೆಸಿದ ಪುಟ್ಟ ಹುಡುಗಿಯೊಬ್ಬಳು ಅವನನ್ನು ನೋಡುತ್ತಾ ಇರುತ್ತಾಳೆ.

ನನ್ನ ಮತ ಹಳೆಯದಕ್ಕೆ. ಮುದುಕನ ಪಾತ್ರ ಮಾಡಿದ ಎಡ್ಮಂಡ್ ಗ್ವೆನ್ ಅವರಿಗೆ ಆ ಪಾತ್ರಕ್ಕೇ ಆಸ್ಕರ್ ಬಂತು. ಅಷ್ಟು ಸಹಜವಾಗಿ ನಗುತ್ತಾರೆ. ಅದರಲ್ಲಿ ಒಂದು ದೃಶ್ಯ ಇದೆ. ಡಚ್ ಭಾಷೆ ಮಾತ್ರ ಬರುವ ಒಬ್ಬ ಅನಾಥ ಮಗು ಸಾಂಟಾ ಹತ್ತಿರ ಬರುತ್ತದೆ. ಸಾಕಲು ಕರೆತಂದ ತಾಯಿ, ಇವಳಿಗೆ ಇಂಗ್ಲಿಷ್ ಬರಲ್ಲ ಅಂತ ಸಂಕೋಚಪಡುತ್ತಾಳೆ. ಮುದುಕ ಮಗುವಿನ ಕಡೆ ತಿರುಗಿ ಡಚ್‌ನಲ್ಲೇ ಮಾತಾಡಿ, ಅವಳ ಜೊತೆ ಹಾಡುತ್ತಾನೆ. ಮಗುವಿನ ಮುಖ ಅರಳುತ್ತದೆ. ಅದೇನು ಮಾತಾಡಿಕೊಂಡರು ಅಂತ ನಮಗ್ಯಾರಿಗೂ ತಿಳಿಯಲಿಲ್ಲ. ಅತ್ತೆಗೆ ಎಷ್ಟು ತಿಳಿಯಿತೋ ನಮಗೂ ಅಷ್ಟೇ. ಆ ಒಂದು ನಿಮಿಷ ಮನೆಯವರೆಲ್ಲ ಒಂದೇ ಕಡೆ ನಿಂತ ಹಾಗಿತ್ತು. ಹೊಸದರಲ್ಲಿ ಅದೇ ಜಾಗದಲ್ಲಿ ಕಿವಿ ಕೇಳದ ಮಗುವಿನ ಜೊತೆ ಸಾಂಟಾ ಕೈಸನ್ನೆಯಲ್ಲಿ ಮಾತಾಡುತ್ತಾನೆ. ಅದೂ ಚೆಂದವೇ.

ವ್ಯತ್ಯಾಸ ಬರುವುದು ಕೋರ್ಟಿನಲ್ಲಿ. ಹಳೆಯದರಲ್ಲಿ ಅಂಚೆಯವರು ಸಾಂಟಾ ಹೆಸರಿಗೆ ಬಂದ ಕಾಗದಗಳನ್ನೆಲ್ಲ ಮೂಟೆ ಮೂಟೆ ತಂದು ಜಡ್ಜ್ ಮೇಜಿನ ಮೇಲೆ ಸುರಿಯುತ್ತಾರೆ. ಕಣ್ಣಿಗೆ ಕಾಣುತ್ತದೆ, ಭಾಷೆ ಬೇಕಾಗಿಲ್ಲ. ಹೊಸದರಲ್ಲಿ ಡಾಲರ್ ನೋಟಿನ ಮೇಲೆ ಬರೆದ ದೇವರ ಹೆಸರಿನ ಮಾತು ಕೇಸು ಗೆಲ್ಲಿಸುತ್ತದೆ. ಅದನ್ನು ಅರ್ಧಕ್ಕೆ ನಿಲ್ಲಿಸಿ ವಿವರಿಸಬೇಕಾಗುತ್ತದೆ. ಹಳೆಯದರ ಕೊನೆಯಲ್ಲಿ ಖಾಲಿ ಮನೆಯ ಗೋಡೆಗೆ ಒರಗಿಸಿಟ್ಟ ಒಂದು ಊರುಗೋಲು ಕಾಣುತ್ತದೆ. ಅಷ್ಟೇ ಉಳಿದದ್ದು. "ಬಂದಿದ್ದ ಕನ ಮುದ್ಕ" ಅಂದರು ಅತ್ತೆ.

ಒಂದು ಎಚ್ಚರಿಕೆ. ಸಾಂಟಾ ನಿಜವೋ ಸುಳ್ಳೋ ಅನ್ನುವುದೇ ಇಲ್ಲಿ ಚರ್ಚೆ. ನಮ್ಮ ಮಕ್ಕಳಿಗೆ ಅದು ಬರೀ ಕತೆ. ಪಕ್ಕದ ಮನೆಯ ಕ್ರೈಸ್ತ ಮಕ್ಕಳೂ ನೋಡಲು ಬಂದಿದ್ದರೆ, ಅವರು ಸಾಂಟಾ ಬರುತ್ತಾನೆ ಅಂತ ಕಾಯುತ್ತಿರಬಹುದು. ಅವರ ಅಮ್ಮನನ್ನು ಒಂದು ಮಾತು ಕೇಳಿ ಹಾಕಿ.

ದೇವದೂತ ಬರುವ ದೊಡ್ಡ ಸಿನಿಮಾ

'ಇಟ್ಸ್ ಎ ವಂಡರ್‌ಫುಲ್ ಲೈಫ್', 1946. ಎರಡು ಗಂಟೆಗಿಂತ ಜಾಸ್ತಿ. ಟಾಕೀಸಿಗೆ ಬಂದಾಗ ಇದು ಅಷ್ಟೇನೂ ಓಡಲಿಲ್ಲ. 1974ರಲ್ಲಿ ಇದರ ಹಕ್ಕನ್ನು ಹೊಸದು ಮಾಡಿಸುವುದು ತಪ್ಪಿಹೋಯಿತು. ಹಣ ಕೊಡಬೇಕಿಲ್ಲ ಅಂತ ಅಮೆರಿಕದ ಟೀವಿಯವರೆಲ್ಲ ಪ್ರತಿ ಡಿಸೆಂಬರ್‌ನಲ್ಲೂ ಹಾಕತೊಡಗಿದರು. ಟಾಕೀಸಿಗೆ ಮಾಡಿದ ಸಿನಿಮಾ ಟೀವಿಯಿಂದಾಗಿ ಮನೆಮನೆಯ ಹಬ್ಬದ ಸಿನಿಮಾ ಆದದ್ದು ಹೀಗೆ.

ಊರಿಗೆಲ್ಲ ಉಪಕಾರ ಮಾಡಿದ ಒಬ್ಬ ಮನುಷ್ಯ. ಚಿಕ್ಕಪ್ಪನ ಕೈಯಿಂದ ಹಣ ಕಳೆದುಹೋಗಿ, ಸಾಲದ ಭಯಕ್ಕೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಸೇತುವೆ ಮೇಲೆ ಸಾಯಲು ನಿಲ್ಲುತ್ತಾನೆ. ಒಬ್ಬ ವಯಸ್ಸಾದ ದೇವದೂತ ಬಂದು, ನೀನು ಹುಟ್ಟದೇ ಇದ್ದಿದ್ದರೆ ಈ ಊರು ಹೇಗಿರುತ್ತಿತ್ತು ಅಂತ ತೋರಿಸುತ್ತಾನೆ. ಮಂಡ್ಯ ಕಡೆಯವರಿಗೆ ಸಾಲದ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಮೈದುನ ಇಡೀ ಸಿನಿಮಾ ಒಂದು ಮಾತೂ ಆಡದೆ ನೋಡಿದ. ಅದಕ್ಕೇ ಹೇಳುತ್ತೇನೆ, ಇದು ಚಿಕ್ಕ ಮಕ್ಕಳಿಗಲ್ಲ. ಮನೆಯಲ್ಲಿ ಯಾರಾದರೂ ಹಣದ ಚಿಂತೆಯಲ್ಲಿ ಒಳಗೊಳಗೇ ಕುದಿಯುತ್ತಿದ್ದರೆ, ಅವರನ್ನು ಒಂಟಿಯಾಗಿ ನೋಡಲು ಬಿಡಬೇಡಿ. ಪಕ್ಕದಲ್ಲಿ ಕೂತು ನೋಡಿ. ಮುಗಿದ ಮೇಲೆ ಟೀವಿ ಆರಿಸಿ ಮಾತಾಡಿ.

ಅತ್ತೆಗೆ ಇದು ಹಿಡಿಸುತ್ತದೆ ಅಂತ ನಾನು ಅಂದುಕೊಂಡಿರಲೇ ಇಲ್ಲ. ಕಪ್ಪು ಬಿಳುಪು, ಉದ್ದ, ಮಾತು ಜಾಸ್ತಿ. ಅದಕ್ಕೆ ಈ ಸಲ ಮೊದಲೇ ಪೂರ್ತಿ ಕತೆ ಹೇಳಿದೆ. ನಮ್ಮೂರುಗಳಲ್ಲಿ ಕುರುಕ್ಷೇತ್ರ ನಾಟಕ ನೋಡಲು ರಾತ್ರಿಯಿಡೀ ಕೂರುತ್ತಾರಲ್ಲ, ದುರ್ಯೋಧನ ಸೋಲುತ್ತಾನೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಗೊತ್ತಿದ್ದೇ ನೋಡುತ್ತಾರೆ. ಹೇಗೆ ಆಡುತ್ತಾರೆ ಅಂತ ನೋಡುತ್ತಾರೆ. ಕತೆ ಗೊತ್ತಿದ್ದರೆ ಅತ್ತೆಯ ಕಣ್ಣು ಮುಖಗಳ ಮೇಲೆ ನಿಲ್ಲುತ್ತದೆ. ನಾನು ಎರಡು ನಿಮಿಷಕ್ಕೊಮ್ಮೆ ಕನ್ನಡದಲ್ಲಿ ಹೇಳುತ್ತಾ ಕೂರುವುದೂ ತಪ್ಪುತ್ತದೆ. ದೇವದೂತ ಬಂದಾಗ ಅವರೇ ಹೇಳಿದರು, "ಮಾದಪ್ಪ ಜಂಗಮನ ವೇಷದಲ್ಲಿ ಬಂದಂಗೆ ಬಂದವ್ನೆ." ನೀಲಗಾರರ, ಕಂಸಾಳೆಯವರ ಕತೆ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ. ದೇವರು ನಮ್ಮಲ್ಲೂ ಬಾಗಿಲಿಗೆ ಬರುವುದು ಬಡವನ ಹಾಗೆಯೇ.

ಇಲ್ಲಿ ಕೈಯಲ್ಲಿ ಉಳಿಯುವುದು ಹೂವಿನ ಎಸಳು. ಮಗಳ ಹೂವಿನಿಂದ ಉದುರಿದ ಎಸಳುಗಳನ್ನು ಅಪ್ಪ ಜೇಬಿಗೆ ಹಾಕಿಕೊಂಡಿರುತ್ತಾನೆ. ಅವನು ಹುಟ್ಟೇ ಇಲ್ಲದ ಲೋಕದಲ್ಲಿ ಅವು ಜೇಬಿನಲ್ಲಿ ಇರುವುದಿಲ್ಲ. ಮತ್ತೆ ಕೈ ಹಾಕಿದಾಗ ಸಿಗುತ್ತವೆ. ಅವನು ಬದುಕಿಗೆ ವಾಪಸ್ ಬಂದ ಅಂತ ತಿಳಿಯುವುದು ಅದರಿಂದ.

ಹಗೆ ಕರಗುವ ಕತೆ, ಗಂಟೆ ಕೇಳುವ ಕತೆ

ಹದಿಹರೆಯದ ಮಕ್ಕಳೂ ಜೊತೆಗೆ ಕೂರಬೇಕು ಅಂದರೆ 'ಕ್ಲೌಸ್' (Klaus) ಹಾಕಿ. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಅನಿಮೇಷನ್. ಕೈಯಲ್ಲಿ ಬರೆದ ಚಿತ್ರಗಳಿಗೆ ಬೆಳಕು ನೆರಳು ಎಷ್ಟು ಚೆನ್ನಾಗಿ ಕೂರಿಸಿದ್ದಾರೆ ಅಂದರೆ, ದೀಪದ ಹತ್ತಿರ ನಿಂತವರ ಮುಖ ಬೆಚ್ಚಗಿದೆ ಅನ್ನಿಸುತ್ತದೆ. ಸೋಮಾರಿ ಹುಡುಗನೊಬ್ಬನನ್ನು ದೂರದ ಹಿಮದ ಊರಿಗೆ ಪೋಸ್ಟ್‌ಮ್ಯಾನ್ ಮಾಡಿ ಕಳಿಸುತ್ತಾರೆ. ವರ್ಷದಲ್ಲಿ 6,000 ಕಾಗದ ಬಟವಾಡೆ ಆಗಬೇಕು. ಆ ಊರಲ್ಲಿ ಎರಡು ಮನೆತನಗಳ ನಡುವೆ ಹಳೇ ಹಗೆ. ಒಬ್ಬರಿಗೊಬ್ಬರು ಮಾತೇ ಆಡುವುದಿಲ್ಲ, ಇನ್ನು ಕಾಗದ ಎಲ್ಲಿ ಬರೆದಾರು? ಟೀಚರಮ್ಮ ಮಕ್ಕಳೇ ಬರದ ಶಾಲೆಯಲ್ಲಿ ಮೀನು ಮಾರುತ್ತಿರುತ್ತಾಳೆ.

ಇದರಲ್ಲೂ ಒಬ್ಬಳು ಪುಟ್ಟ ಹುಡುಗಿ ಇದ್ದಾಳೆ. ಅವಳು ಆಡುವುದು ಸಾಮಿ ಭಾಷೆ. ಅದಕ್ಕೆ ಕೆಳಗೆ ಅಕ್ಷರದಲ್ಲಿ ಅರ್ಥ ಕೊಡುವುದಿಲ್ಲ. ಆದರೂ ಅವಳು ಏನು ಕೇಳುತ್ತಿದ್ದಾಳೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಮಗಳು ಅಜ್ಜಿಯ ಕಡೆ ತಿರುಗಿ ಕತೆ ಹೇಳುವ ಮೊದಲೇ ಅಜ್ಜಿ ಅವಳಿಗೆ ಹೇಳಿಬಿಟ್ಟರು: "ಆ ಮಗೀಗೂ ಒಂದು ಆಟದ ಸಾಮಾನು ಬೇಕಂತೆ."

ಪವಾಡ ಇಲ್ಲಿ ತೀರಾ ಕಡಿಮೆ. ಎಲೆಗಳನ್ನು ಹೊತ್ತು ಸುಳಿಯುವ ಒಂದು ಗಾಳಿ, ಅಷ್ಟೇ. ನನಗೆ ಇದು ಇಷ್ಟವಾದದ್ದೇ ಅದಕ್ಕೆ. ಉಳಿದ ಬದಲಾವಣೆಯೆಲ್ಲ ಮನುಷ್ಯರೇ ಮಾಡಿದ್ದು.

'ದಿ ಪೋಲಾರ್ ಎಕ್ಸ್‌ಪ್ರೆಸ್' 2004ರದ್ದು. ರಾತ್ರಿ ಮನೆ ಮುಂದೆ ರೈಲು ಬಂದು ನಿಲ್ಲುತ್ತದೆ, ಮಕ್ಕಳನ್ನು ಉತ್ತರ ಧ್ರುವಕ್ಕೆ ಕರೆದೊಯ್ಯುತ್ತದೆ. ನಟರ ಚಲನೆಯನ್ನು ಕಂಪ್ಯೂಟರಿಗೆ ಹಿಡಿದು ಮಾಡಿದ ಚಿತ್ರ. ರೈಲು ಚೆಂದ, ಹಿಮ ಚೆಂದ. ಮುಖಗಳಲ್ಲಿ ಕಣ್ಣು ಮಾತ್ರ ಬೊಂಬೆ ಕಣ್ಣಿನ ಹಾಗೆ ನಿಂತಿರುತ್ತವೆ. ನನ್ನ ಮಗಳು ಐದು ವರ್ಷದವಳಿದ್ದಾಗ ಹೆದರಿ ನನ್ನ ಸೆರಗಿನೊಳಗೆ ಮುಖ ಇಟ್ಟಳು. ಏಳೆಂಟು ದಾಟಿದವರಿಗೆ ತೊಂದರೆ ಇಲ್ಲ. ಕೊನೆಯಲ್ಲಿ ಉಳಿಯುವ ವಸ್ತು ಮಾತ್ರ ಇದರಲ್ಲಿ ಎಲ್ಲಕ್ಕಿಂತ ಸೊಗಸು. ಒಂದು ಪುಟ್ಟ ಗಂಟೆ. ನಂಬಿದವರಿಗೆ ಅದರ ಸದ್ದು ಕೇಳುತ್ತದೆ, ಅಪ್ಪ ಅಮ್ಮನಿಗೆ ಕೇಳುವುದಿಲ್ಲ.

'ದಿ ಕ್ರಿಸ್‌ಮಸ್ ಕ್ರಾನಿಕಲ್ಸ್' ಹದಿಮೂರರ ಮಗನ ಆಯ್ಕೆ. 2018ರದ್ದು, ಇದೂ ನೆಟ್‌ಫ್ಲಿಕ್ಸ್‌ನದು. ಅಪ್ಪನನ್ನು ಕಳೆದುಕೊಂಡ ಅಣ್ಣ ತಂಗಿ ಸಾಂಟಾ ಬಂಡಿ ಹತ್ತುತ್ತಾರೆ. ಕಾರು ಓಟ, ಪೊಲೀಸು, ಜೈಲಿನಲ್ಲಿ ಹಾಡು. ಮಕ್ಕಳು ಖುಷಿಪಟ್ಟರು, ಅತ್ತೆ ಎದ್ದು ಹೋದರು.

ಟೀವಿಗೆಂದೇ ಮಾಡಿದ ಮಾಮೂಲಿ ಚಿತ್ರಗಳು

ಹಾಲ್‌ಮಾರ್ಕ್‌ನಂಥ ಚಾನೆಲ್ಲುಗಳಿಗಾಗಿ ವರ್ಷ ವರ್ಷವೂ ರಾಶಿ ಬರುತ್ತವಲ್ಲ, ಅವನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೊಡ್ಡ ಊರಲ್ಲಿ ಕೆಲಸದಲ್ಲಿರುವ ಹುಡುಗಿ ಹಬ್ಬಕ್ಕೆ ಹುಟ್ಟೂರಿಗೆ ಬರುತ್ತಾಳೆ. ಅಪ್ಪನ ಬೇಕರಿಯೋ ಅಂಗಡಿಯೋ ಮುಚ್ಚುವ ಹಂತದಲ್ಲಿರುತ್ತದೆ. ಬಿಳಿ ಗಡ್ಡದ ಒಬ್ಬ ಅಪರಿಚಿತ ಒಂದು ಮಾತು ಹೇಳಿ ಹೋಗುತ್ತಾನೆ. ಕೊನೆಗೆ ಹಿಮ ಬೀಳುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡಿ ಹಬ್ಬಕ್ಕೆ ಮಂಡ್ಯಕ್ಕೆ ಬರುವ ಮಕ್ಕಳಿರುವ ಮನೆಯಲ್ಲಿ ಈ ಕತೆ ಯಾರಿಗೆ ತಟ್ಟುವುದಿಲ್ಲ?

ಇವು ಹೆಚ್ಚಾಗಿ ಒಂದೂವರೆ ಗಂಟೆಯೊಳಗೆ ಮುಗಿಯುತ್ತವೆ. ನಡುನಡುವೆ ಜಾಹೀರಾತು ಬರುತ್ತದೆ ಅಂತ ಲೆಕ್ಕ ಹಾಕಿಯೇ ಬರೆಯುತ್ತಾರೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದು ತಿರುವು ಇರುತ್ತದೆ, ಆಮೇಲೆ ಹಿಂದಿನದನ್ನು ಸ್ವಲ್ಪ ನೆನಪಿಸುತ್ತಾರೆ. ಕುಕ್ಕರ್ ಕೂಗಿತು ಅಂತ ಎದ್ದು ಹೋಗಿ ಬಂದರೂ ಕತೆ ತಪ್ಪುವುದಿಲ್ಲ. ಎಷ್ಟೋ ಚಿತ್ರಗಳನ್ನು ಕೆನಡಾದಲ್ಲಿ ಕೆಲವೇ ವಾರಗಳಲ್ಲಿ, ಕೆಲವನ್ನು ಬೇಸಿಗೆಯಲ್ಲೇ ತೆಗೆಯುತ್ತಾರೆ. ಹಿಮ ನೊರೆಯದ್ದೋ ಕಾಗದದ್ದೋ ಆಗಿರುತ್ತದೆ. ಗಮನಿಸಿ ನೋಡಿ, ಮಾತಾಡುವಾಗ ಬಾಯಿಂದ ಹಬೆ ಬರುವುದಿಲ್ಲ. ಮಗ ಇದನ್ನು ಕಂಡುಹಿಡಿದ. ನಮ್ಮಲ್ಲಿ ಧನುರ್ಮಾಸದ ಬೆಳಗ್ಗೆ ಹುಗ್ಗಿ ಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗ ಬರುತ್ತದಲ್ಲ, ಅಷ್ಟೂ ಇಲ್ಲ ಅಲ್ವಾ ಅಮ್ಮಾ ಅಂದ.

ಆದರೆ ಒಂದು ತೊಡಕಿದೆ. ಇವುಗಳ ಕತೆ ನಡೆಯುವುದೇ ಮಾತಿನಲ್ಲಿ. ಅತ್ತೆಯಂಥವರಿಗೆ ಕಣ್ಣಲ್ಲಿ ಹಿಡಿಯುವಂಥದ್ದು ಕಡಿಮೆ. ಮಧ್ಯಾಹ್ನ ಓರಗಿತ್ತಿ, ನಾನು ಬಟ್ಟೆ ಮಡಿಸುತ್ತಾ ನೋಡಲು ಇವು ಸರಿ. ರಾತ್ರಿ ಎಲ್ಲರೂ ಕೂರುವಾಗ ಬೇಡ.

ಟೀವಿ ಕ್ರಿಸ್‌ಮಸ್ ಕತೆಗಳ ಬೇರು ಹುಡುಕುವ ಆಸೆ ಇದ್ದವರಿಗೆ ಇನ್ನೊಂದು ಹೇಳುತ್ತೇನೆ. 1951ರ ಡಿಸೆಂಬರ್ 24ರ ರಾತ್ರಿ ಅಮೆರಿಕದ ಎನ್‌ಬಿಸಿಯಲ್ಲಿ 'ಅಮಾಲ್ ಅಂಡ್ ದ ನೈಟ್ ವಿಸಿಟರ್ಸ್' ಬಂತು. ಟೀವಿಗೆಂದೇ ಬರೆದ, ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ. ಹಾಲ್‌ಮಾರ್ಕ್‌ನವರ ಹೆಸರಾಂತ ಟೀವಿ ಮಾಲೆ ಶುರುವಾದದ್ದು ಇದರಿಂದಲೇ. ಕಾಲು ಊನವಾದ ಬಡ ಹುಡುಗ, ಆಗಷ್ಟೇ ಹುಟ್ಟಿದ ಯೇಸು ಕಂದನಿಗೆ ಕೊಡಲು ಬೇರೇನೂ ಇಲ್ಲದೆ ತನ್ನ ಊರುಗೋಲನ್ನೇ ಕೊಡಲು ಮುಂದಾಗುತ್ತಾನೆ. ಆಗ ಅವನ ಕಾಲು ನೆಟ್ಟಗಾಗುತ್ತದೆ. ಕಂದಪದ್ಯ, ರಂಗಗೀತೆ ಕೇಳಿದ ಕಿವಿಗಳಿಗೆ ಎಲ್ಲರೂ ಹಾಡಿನಲ್ಲೇ ಮಾತಾಡುವುದು ವಿಚಿತ್ರ ಅನ್ನಿಸುವುದಿಲ್ಲ. ನಾನು ತುಣುಕುಗಳನ್ನಷ್ಟೇ ನೋಡಿದ್ದೇನೆ, ಅಷ್ಟಕ್ಕೇ ಕಣ್ಣು ತುಂಬಿತು.

ಪಕ್ಕದ ಮನೆ ಆಂಟಿ ಜೊತೆಗಿದ್ದರೆ 1965ರ 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್' ಮರೆಯಬೇಡಿ. 25 ನಿಮಿಷ. ಇಂಥ ಸಿನಿಮಾಗಳಲ್ಲಿ ಹೆಚ್ಚಿನವು ಯೇಸು ಹುಟ್ಟಿದ ಮಾತೇ ಎತ್ತುವುದಿಲ್ಲ. ಇದರಲ್ಲಿ ಒಬ್ಬ ಪುಟ್ಟ ಹುಡುಗ ವೇದಿಕೆ ಮೇಲೆ ನಿಂತು ಲೂಕನ ಸುವಾರ್ತೆಯ ಆ ಭಾಗವನ್ನು ಹೇಳುತ್ತಾನೆ. ಅವರ ಹಬ್ಬ, ಅವರ ಕೇಕು ತಿಂದು, ಅವರ ಕತೆಯನ್ನೂ ಒಂದಿಷ್ಟು ಕೇಳಬೇಕಲ್ಲ.

ಯಾವ ಸಿನಿಮಾ ಯಾವ ಆ್ಯಪಿನಲ್ಲಿದೆ ಅನ್ನುವುದು ವರ್ಷ ವರ್ಷ ಬದಲಾಗುತ್ತದೆ. ನೆಟ್‌ಫ್ಲಿಕ್ಸ್‌ನವರೇ ಹೊರತಂದ ಎರಡು ಅಲ್ಲೇ ಸಿಗುತ್ತವೆ. ಉಳಿದವನ್ನು ಡಿಸೆಂಬರ್ ಮೊದಲ ವಾರವೇ ಹುಡುಕಿಡಿ. ಎಲ್ಲರೂ ಕೂತ ಮೇಲೆ ರಿಮೋಟ್ ಹಿಡಿದು ಹುಡುಕಿದರೆ ಅರ್ಧ ಗಂಟೆ ಹೋಗುತ್ತದೆ, ಚಿಕ್ಕವರು ನಿದ್ದೆ ಹೋಗುತ್ತಾರೆ.

ಈ ವರ್ಷ ನಮ್ಮ ಮನೆಯಲ್ಲಿ 24ರ ರಾತ್ರಿ ಊಟಕ್ಕೆ ಮೊದಲು 'ದಿ ಸ್ನೋಮ್ಯಾನ್', ಊಟವಾದ ಮೇಲೆ 1947ರ ಸಾಂಟಾ. 25ರ ಮಧ್ಯಾಹ್ನ ಮಗನಿಗಾಗಿ 'ಕ್ಲೌಸ್'. ದೇವದೂತನ ಸಿನಿಮಾ ಮಕ್ಕಳು ಮಲಗಿದ ಮೇಲೆ ದೊಡ್ಡವರಿಗೆ.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಅವರೆಕಾಯಿ ಈ ಸಲ ಸೊಗಡು ಚೆನ್ನಾಗೈತೆ, ಎಷ್ಟು ಕೇಜಿ ತರಲಿ ಅಂತ ಕೇಳಿದರು. ಹೇಳಿದೆ. ಇಡುವ ಮೊದಲು ಸ್ವಲ್ಪ ತಡೆದು ಕೇಳಿದರು, "ಆ ಮಫ್ಲರ್ ಹುಡ್ಗನ್ದು ಹಾಕ್ತೀಯ ತಾನೆ?"